ನಾಲ್ಕು ಬೆರಳು ಎಡಕ್ಕೆ

ಜೂನ್ ೪

ನನ್ನ ದಿಂಬಿಗೆ,

ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಿದರೆ ನೀನು "ಹೂಂ ಅಕ್ಕ, ಆಯ್ತು ಅಕ್ಕ" ಅಂತ ಎರಡೇ ಮಾತಿಗೆ ಮುಗಿಸುತ್ತೀಯ. ನಿನ್ನ ಬಾಯಿ ಬಿಡಿಸುವುದಕ್ಕಿಂತ ತುಕ್ಕು ಹಿಡಿದ ನಟ್ಟು ಬಿಚ್ಚುವುದು ಸುಲಭ. ಅದಕ್ಕೇ ಇನ್ನು ಮೇಲೆ ಕಾಗದ. ನಮ್ಮ ಡಿಪೋದ ಮೀಸೆ ಮಾಮ ದಿನ ಬಿಟ್ಟು ದಿನ ನಮ್ಮೂರಿಗೆ ಬಸ್ಸು ಓಡಿಸುತ್ತಾನೆ, ನಿನ್ನ ಲಾಂಡ್ರಿ ಮುಂದೆಯೇ ಅವನ ದಾರಿ. ಬರೆದು ಅವನ ಕೈಗೆ ಕೊಡು, ಅಂಚೆಗಿಂತ ಬೇಗ ಬರುತ್ತದೆ.

ಇಲ್ಲಿಗೆ ವರ್ಗವಾಗಿ ನಾಲ್ಕು ತಿಂಗಳಾಯಿತು. ಡಿಪೋದ ಹಿಂದೆ ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಹಳೇ ಟೈರುಗಳ ಗುಡ್ಡೆ, ಮುಚ್ಚಿದರೆ ಡೀಸೆಲ್ ವಾಸನೆ. ಬೆಳಿಗ್ಗೆಯಿಂದ ಸ್ಟಿಯರಿಂಗ್ ಹಿಡಿದು ಹಿಡಿದು ತೋಳು ಕಬ್ಬಿಣವಾಗಿದೆ, ಅದೊಂದೇ ಲಾಭ. ನಿನ್ನ ಭಾವ ಪ್ರೆಸ್ಸಿನ ಕೆಲಸ ಬಿಟ್ಟು ಬರುವ ಹಾಗಿಲ್ಲ, ಅತ್ತೆಗೆ ಈ ಊರಿನ ಚಳಿ ಆಗುವುದಿಲ್ಲ. ಮಗಳು ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾಳೆ, ಬರೀ ಉಸಿರು ಬಿಡುತ್ತಾಳೆ. ಆ ಉಸಿರು ಕೇಳಿಕೊಂಡು ನಾನು ಟೈರ್ ನೋಡುತ್ತಾ ಕೂರುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಸಲದ ಕೈ ತಟ್ಟಿಸುವ ಕುಸ್ತಿ ಸ್ಪರ್ಧೆಯಲ್ಲಿ ನಿನ್ನ ತೂಕದವರನ್ನೂ ನನ್ನ ತೂಕದವರನ್ನೂ ಒಂದೇ ಗುಂಪು ಮಾಡಿದ್ದಾರಂತೆ. ಗೆದ್ದ ಒಬ್ಬಳಿಗೆ ಮಾತ್ರ ದೇಶದ ತಂಡದಲ್ಲಿ ಜಾಗ. ತಂಡಕ್ಕೆ ಸೇರಿದವಳನ್ನು ನಮ್ಮ ಇಲಾಖೆ ಅವಳ ಸ್ವಂತ ಊರಿನ ಡಿಪೋಗೇ ಹಾಕುತ್ತದೆ, ನಿಯಮವೇ ಹಾಗಿದೆ. ಅಂದರೆ ನಾನು ಗೆದ್ದರೆ ಮನೆಗೆ ವಾಪಸ್.

ಇನ್ನೊಂದು ಸಂಗತಿ ಮೀಸೆ ಮಾಮನಿಂದ ತಿಳಿಯಿತು. ಗುರುಗಳು ನಿನ್ನ ಹೆಸರೂ ಕೊಟ್ಟಿದ್ದಾರಂತೆ! ಕಳ್ಳಿ, ನನಗೊಂದು ಮಾತು ಹೇಳಬಾರದಾ? ಒಂಬತ್ತು ವರ್ಷ ನಿನ್ನ ಮೇಲೆ ಬಿದ್ದು ಎದ್ದವಳು ನಾನು. ಗರಡಿಯಲ್ಲಿ ನಿನಗೆ ದಿಂಬು ಅಂತ ಹೆಸರಿಟ್ಟವಳೂ ನಾನೇ. ಈಗ ದಿಂಬು ಎದ್ದು ಕುಸ್ತಿಗೆ ಬರುತ್ತದಂತೆ ಅಂತ ಡಿಪೋದಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ.

ನಿನ್ನ ಅಕ್ಕ


ಜೂನ್ ೧೯

ಪ್ರೀತಿಯ ಅಕ್ಕನಿಗೆ,

ಮೀಸೆ ಮಾಮ ಕಾಗದ ಕೊಟ್ಟರು. ಸ್ಟೀಮ್ ಪ್ರೆಸ್ಸಿನ ಮುಂದೆಯೇ ಓದಿದೆ, ಅರ್ಧ ಒದ್ದೆಯಾಯಿತು.

ಹೆಸರು ಕೊಟ್ಟಿದ್ದು ಗುರುಗಳು. ಗರಡಿಯಿಂದ ಇಬ್ಬರಾದರೂ ಇರಲಿ ಅಂತ ಇರಬೇಕು. ನಾನೇನೂ ಕೇಳಲಿಲ್ಲ, ಅವರೇನೂ ಹೇಳಲಿಲ್ಲ. ನೀವು ಹೋದ ಮೇಲೆ ನನಗೆ ಸರಿಯಾದ ಜೋಡಿ ಇಲ್ಲ, ಗುರುಗಳೇ ಮ್ಯಾಟ್ ಮೇಲೆ ಬರುತ್ತಾರೆ. ಮಂಡಿ ನೋವು ಅಂತ ಗೊಣಗುತ್ತಲೇ ಕೆಡವುತ್ತಾರೆ.

ಸ್ಪರ್ಧೆಗೆ ಮುಂಚೆ ವೈದ್ಯರ ಪರೀಕ್ಷೆ ಆಯಿತು. ಎಕ್ಸ್-ರೇ ನೋಡಿ ಡಾಕ್ಟರು, "ಬಲಗಡೆ ಕಾಲರ್ ಬೋನ್ ಯಾವಾಗಲೋ ಬಿರುಕು ಬಿಟ್ಟು ತಾನಾಗೇ ಕೂಡಿಕೊಂಡಿದೆ, ಯಾರ ಹತ್ರಾನೂ ತೋರಿಸ್ಲಿಲ್ವಾ?" ಅಂತ ಕೇಳಿದರು. ಎರಡು ವರ್ಷದ ಹಿಂದೆ ಲಾಂಡ್ರಿ ಮೆಟ್ಟಿಲಲ್ಲಿ ಜಾರಿದ್ದೆನಲ್ಲ, ಅದೇ ಇರಬೇಕು ಅಂದೆ. ನಿಮಗೆ ನೆನಪಿರಬಹುದು. ಈಗ ನೋವಿಲ್ಲ. ಆಡಬಹುದು ಅಂತ ಬರೆದುಕೊಟ್ಟರು.

ಮಗು ಚೆನ್ನಾಗಿದೆ. ಭಾನುವಾರ ಅತ್ತೆಯವರು ಕರೆದುಕೊಂಡು ಬಂದಿದ್ದರು. ಬಿಸಿ ಬಿಸಿ ಚಾದರಗಳ ಬುಟ್ಟಿಯೊಳಗೆ ಕೂತು "ಚಿಕ್ಕಮ್ಮಾ, ನನ್ನೂ ಮಡಚಿಡು" ಅನ್ನುತ್ತಿತ್ತು. ಹೋಗುವಾಗ ಅತ್ತಿತು.

ನಿಮ್ಮ ದಿಂಬು


ಜುಲೈ ೨

ದಿಂಬಿಗೆ,

ಮೆಟ್ಟಿಲ ಕತೆ ನೆನಪಿಲ್ಲದೆ ಏನು! ದಿನಾ ನೂರು ಸಲ ಬೀಳುವುದನ್ನು ಕಲಿತವಳು ಲಾಂಡ್ರಿ ಮೆಟ್ಟಿಲಲ್ಲಿ ಬಿದ್ದಳು ಅಂತ ಗರಡಿಯವರೆಲ್ಲ ವಾರಗಟ್ಟಲೆ ನಕ್ಕಿದ್ದೆವು. ಇರಲಿ, ಕೂಡಿಕೊಂಡಿತಲ್ಲ.

ನನಗೊಂದು ತಲೆನೋವು ಶುರುವಾಗಿದೆ, ನೀನೇ ಬಿಡಿಸಬೇಕು. ಇಲ್ಲಿ ಪೊಲೀಸ್ ಠಾಣೆಯ ಹಿಂದಿನ ಶೆಡ್ಡಿನಲ್ಲಿ ಮಹಿಳಾ ಪೇದೆಗಳ ಜತೆ ಅಭ್ಯಾಸ ಮಾಡುತ್ತೇನೆ. ಕೆಡವುವುದೆಲ್ಲ ಸರಿಯಾಗಿದೆ. ಆದರೆ ನನ್ನ ಇಕ್ಕಳ ಕೂರುತ್ತಿಲ್ಲ. ಹಿಂದಿನಿಂದ ಬೆನ್ನು ಹತ್ತಿ ಕುತ್ತಿಗೆಗೆ ಬಲತೋಳು ಸುತ್ತಿ ಬಿಗಿದರೆ ಮೂರು ಎಣಿಸುವಷ್ಟರಲ್ಲಿ ನೀನು ಕೈ ತಟ್ಟಿ ಸೋಲೊಪ್ಪುತ್ತಿದ್ದೆ. ಈ ಪೇದೆಗಳು ಬಲಗಡೆಯಿಂದ ಗದ್ದ ತೂರಿಸಿ ಬೆಣ್ಣೆಯ ಹಾಗೆ ಜಾರಿ ಹೋಗುತ್ತಾರೆ. ಮೊದಲು ಬೆವರು ಅಂದುಕೊಂಡೆ, ಆಮೇಲೆ ಇವರ ಕುತ್ತಿಗೆಯೇ ಗಿಡ್ಡ ಅಂದುಕೊಂಡೆ. ಆದರೆ ಎಲ್ಲರ ಕುತ್ತಿಗೆಯೂ ಗಿಡ್ಡ ಇರುತ್ತದಾ?

ಹೆರಿಗೆಯಾದ ಮೇಲೆ ಗರಡಿಗೆ ವಾಪಸ್ ಬಂದಾಗ ನನಗೆ ಎಲ್ಲ ಮರೆತೇಹೋಗಿತ್ತು, ಗೊತ್ತಲ್ಲ. ಎರಡು ವರ್ಷ ನಿನ್ನೊಬ್ಬಳ ಮೇಲೆಯೇ ಮತ್ತೆ ಒಂದರಿಂದ ಕಲಿತೆ. ಬೇರೆ ಯಾರ ಮೇಲೂ ಹಾಕಿ ನೋಡಿಲ್ಲ, ಒಂದು ಸ್ಪರ್ಧೆಗೂ ಹೋಗಿಲ್ಲ. ನನ್ನ ಇಕ್ಕಳವನ್ನು ಒಳಗಿನಿಂದ ಕಂಡವಳು ನೀನು ಮಾತ್ರ. ಎಲ್ಲಿ ಸಡಿಲ, ಎಲ್ಲಿ ಬಿಗಿ, ಹೇಳು. ಮುಲಾಜು ಬೇಡ.

ನಿನ್ನ ಬಗ್ಗೆ ನಾನು ಚಿಂತೆ ಮಾಡುವುದಿಲ್ಲ ಅಂದುಕೊಳ್ಳಬೇಡ. ಗುರುಗಳು ಹಿಂದೆ ಎರಡು ಸಲ ನಿನ್ನನ್ನು ಸ್ಪರ್ಧೆಗೆ ಕಳಿಸಲು ಹೊರಟಿದ್ದರು, ನಿನಗೆ ಗೊತ್ತೇ ಇಲ್ಲ. ಬೇಡ ಅಂತ ತಡೆದವಳು ನಾನೇ. "ಅವಳು ಆಡೋಳಲ್ಲ ಗುರುಗಳೇ, ಆಡಿಸ್ಕೊಳ್ಳೋಳು. ಅವಳಿಗೇನಾದ್ರೂ ಏಟು ಬಿದ್ರೆ ನಾನ್ಯಾರ ಮೇಲೆ ಕಲೀಲಿ?" ಅಂದೆ. ಅವರೂ ಸುಮ್ಮನಾದರು. ಈಗ ಯಾಕೋ ಆ ಮುದುಕನಿಗೆ ಮತ್ತೆ ಹುಚ್ಚು ಕೆದರಿದೆ. ಪಾಪ, ನೀನು ಗೆದ್ದು ಪರದೇಶಕ್ಕೆ ಹೋಗಿ ಏನು ಮಾಡುತ್ತೀಯ? ಅಲ್ಲಿಯವರ ಅಂಗಿ ಇಸ್ತ್ರಿ ಮಾಡುತ್ತೀಯಾ?

ಬೇಗ ಬರೆ. ಮಗಳ ಕೂದಲು ಕತ್ತರಿಸಲು ಬಿಡಬೇಡ ಅಂತ ಅತ್ತೆಗೆ ಹೇಳು, ನಾನು ಹೇಳಿದರೆ ಕೇಳುವುದಿಲ್ಲ.

ನಿನ್ನ ಅಕ್ಕ


ಜುಲೈ ೨೧

ಪ್ರೀತಿಯ ಅಕ್ಕನಿಗೆ,

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಹೋಟೆಲಿನ ಚಾದರಗಳು ರಾಶಿ ಬಿದ್ದಿದ್ದವು. ಮೀಸೆ ಮಾಮ ಪ್ರತಿ ಸಲವೂ ಹಾರ್ನ್ ಹೊಡೆದು ಕೈಚಾಚುತ್ತಿದ್ದರು, "ಇನ್ನೂ ಬರ್ದಿಲ್ಲ ಮಾಮ" ಅನ್ನುತ್ತಿದ್ದೆ.

ನನ್ನ ಬಗ್ಗೆ ನೀವು ಗುರುಗಳ ಹತ್ತಿರ ಮಾತಾಡಿದ್ದು ನನಗೆ ಗೊತ್ತಿರಲಿಲ್ಲ. ಎರಡು ಸಲವೂ ಅವರು ನನ್ನನ್ನು ಕರೆದು, "ಈ ವರ್ಷ ಬೇಡಮ್ಮ, ನೀನಿನ್ನೂ ಹಣ್ಣಾಗಿಲ್ಲ" ಅಂದಿದ್ದರು. ನಾನೂ ಅದನ್ನೇ ನಂಬಿಕೊಂಡಿದ್ದೆ. ಇನ್ನೂ ಹಣ್ಣಾಗಬೇಕು ಅಂತ ಎಲ್ಲರೂ ಹೋದ ಮೇಲೂ ಒಬ್ಬಳೇ ಉಳಿದು ಗೋಡೆಗೆ ಒರಗಿಸಿದ ಮ್ಯಾಟ್ ಎಳೆದು ಹಾಕಿಕೊಂಡು ಉರುಳುತ್ತಿದ್ದೆ. ನಿಮ್ಮ ಕಾಳಜಿಗೆ ಏನು ಹೇಳಲಿ. ದೊಡ್ಡ ಮನಸ್ಸು ನಿಮ್ಮದು.

ಇಕ್ಕಳದ ಬಗ್ಗೆ ಕೇಳಿದ್ದೀರಿ. ಚೆನ್ನಾಗಿ ಯೋಚಿಸಿಯೇ ಬರೆಯುತ್ತಿದ್ದೇನೆ. ನಿಮ್ಮ ಹಿಡಿತದಲ್ಲಿ ಏನೂ ಐಬಿಲ್ಲ. ಪೊಲೀಸರ ಕುತ್ತಿಗೆ ಗಿಡ್ಡವೇ, ಅವರಿಗೆ ಗದ್ದ ಎದೆಗೆ ಒತ್ತಿಕೊಂಡು ನಿಂತು ಅಭ್ಯಾಸ. ನನಗೆ ಒಳಗಿನಿಂದ ತಿಳಿದಷ್ಟು ಹೇಳುತ್ತೇನೆ: ನಿಮ್ಮ ಮೊಣಕೈ ಎಡಕ್ಕೆ ಕೂತಷ್ಟೂ ನನಗೆ ಉಸಿರು ಕಟ್ಟುತ್ತಿತ್ತು. ಈಗ ಎಲ್ಲಿ ಕೂರುತ್ತದೋ ಅಲ್ಲಿಂದ ಇನ್ನೊಂಚೂರು ಎಡಕ್ಕೇ ಎಳೆಯಿರಿ. ಜಾರಿದರೆ ಜಾಗ ಬದಲಿಸಬೇಡಿ, ಬಲ ಹೆಚ್ಚಿಸಿ. ನಿಮ್ಮ ಬಲಕ್ಕೆ ಯಾರು ನಿಲ್ಲುತ್ತಾರೆ?

ಮಗುವಿನ ಕೂದಲು ಕತ್ತರಿಸಿಯಾಗಿದೆ. ಸೆಕೆ ಅಂತ ಅತ್ತೆಯವರು ಕತ್ತರಿಸಿಬಿಟ್ಟರು. ಮುದ್ದಾಗಿದೆ.

ನಿಮ್ಮ ದಿಂಬು


ಜುಲೈ ೨೫

ನನ್ನ ಬಂಗಾರದ ದಿಂಬೇ,

ಸರಿಯಾಗಿ ಹೇಳಿದೆ! ನಾನೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದೆ. ನಿನ್ನೆ ಎಡಕ್ಕೆ ಎಳೆದು, ಹಲ್ಲು ಕಚ್ಚಿ ಬಿಗಿದೆ ನೋಡು, ಹೊಸದಾಗಿ ಸೇರಿದ ಪೇದೆ ಹುಡುಗಿ ಪಟಪಟ ಅಂತ ತಟ್ಟಿದಳು. ಇಲ್ಲಿಯ ಹಿರಿಯ ಪೇದೆ ಒಬ್ಬಳಿದ್ದಾಳೆ, ಎಲ್ಲದಕ್ಕೂ ಮೂಗು ತೂರಿಸುವವಳು. "ಮೊಣಕೈ ಗದ್ದದ ಕೆಳಗೆ ನೆಟ್ಟಗೆ ಕೂರ್ಬೇಕಲ್ವಾ, ನಿಮ್ದು ನಾಲ್ಕು ಬೆರಳು ಎಡಕ್ಕೆ ಬಿದ್ದಿದೆ" ಅಂದಳು. "ಒಂಬತ್ತು ವರ್ಷ ಇದೇ ಇಕ್ಕಳದಲ್ಲಿ ಇದ್ದವಳು ಕಾಗದ ಬರ್ದಿದ್ದಾಳೆ, ನೀವು ನಿಮ್ ಲಾಠಿ ನೋಡ್ಕೊಳ್ಳಿ" ಅಂದು ಬಾಯಿ ಮುಚ್ಚಿಸಿದೆ.

ಈಗ ಫೈನಲ್ ಮಾತು. ನಾವಿಬ್ಬರೇ ಉಳಿಯುತ್ತೇವೆ, ಅನುಮಾನವಿಲ್ಲ. ಉಳಿದವರೆಲ್ಲ ನಿನ್ನೆ ಮೊನ್ನೆಯ ಎಳಸುಗಳು. ಒಂದೇ ಗರಡಿಯವರು ಫೈನಲಿಗೆ ಬಂದರೆ ಹೇಗೆ ನಡೆಯುತ್ತದೆ ಅಂತ ನಿನಗೆ ಗೊತ್ತು. ಸುಮ್ಮನೆ ಮೈಕೈ ಮುರಿದುಕೊಳ್ಳುವುದಿಲ್ಲ, ಹಿರಿಯಳಿಗೆ ಬಿಟ್ಟುಕೊಡುತ್ತಾರೆ. ಹಾಗಂತ ಕೈ ಕುಲುಕಿ ಹೊರಟುಬಿಟ್ಟರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ. ಸ್ವಲ್ಪ ಹೊತ್ತು ಆಡೋಣ. ಆಮೇಲೆ ನೀನು ಬೆನ್ನು ಕೊಡು, ನಾನು ಇಕ್ಕಳ ಹಾಕುತ್ತೇನೆ, ನೀನು ತಟ್ಟು. ನಿನಗೆ ಅದು ಅಭ್ಯಾಸವೇ ತಾನೆ! ನಿನಗೆ ವಯಸ್ಸಿದೆ, ಮುಂದಿನ ವರ್ಷ ನಾನೇ ನಿನ್ನ ಹೆಸರು ಕೊಡಿಸುತ್ತೇನೆ.

ತಮಾಷೆಯಲ್ಲ ದಿಂಬು, ನನಗೆ ಈ ಊರು ಸಾಕಾಗಿದೆ. ಮೊನ್ನೆ ಮಗಳು ಫೋನಿನಲ್ಲಿ ಅತ್ತೆಗೆ, "ಆ ಫೋನ್ ಅಮ್ಮನ ಹತ್ರ ಮಾತಾಡಲ್ಲ" ಅಂದಿದ್ದು ಕೇಳಿಸಿತು. ನಾನು ಫೋನ್ ಅಮ್ಮ ಆಗಿದ್ದೇನೆ. ಆ ದಿನ ಬಸ್ಸು ಓಡಿಸುವಾಗ ಒಂದು ತಿರುವಿನಲ್ಲಿ ಕಣ್ಣು ಮಂಜಾಗಿ ಗಾಡಿ ನಿಲ್ಲಿಸಿಬಿಟ್ಟೆ. ಪ್ರಯಾಣಿಕರು ಬೈದರು. ಗೆದ್ದು ಮನೆಗೆ ಬರಬೇಕು, ಅಷ್ಟೇ. ಒಪ್ಪಿಕೊಂಡೆ ಅಂತ ಒಂದು ಸಾಲು ಬರೆ, ನನಗೆ ನಿದ್ದೆ ಬರುತ್ತದೆ.

ನಿನ್ನ ಅಕ್ಕ


ಆಗಸ್ಟ್ ೬

ಪ್ರೀತಿಯ ಅಕ್ಕನಿಗೆ,

ನೀವು ಹೇಳಿದ ಹಾಗೆಯೇ ಆಗಲಿ. ನಾನು ಬೆನ್ನು ಕೊಡುತ್ತೇನೆ, ನೀವು ಇಕ್ಕಳ ಹಾಕಿ.

ನೆಮ್ಮದಿಯಾಗಿ ನಿದ್ದೆ ಮಾಡಿ. ತೂಕ ನೋಡಿಕೊಳ್ಳಿ. ಹೊಸ ಬೂಟು ಹಾಕಿಕೊಂಡು ಬರಬೇಡಿ, ಕಚ್ಚುತ್ತದೆ.

ಮಗು ಈಗ ವಾರಕ್ಕೆರಡು ದಿನ ನನ್ನ ಹತ್ತಿರವೇ ಇರುತ್ತದೆ. ಅತ್ತೆಯವರಿಗೆ ಸೊಂಟ ನೋವು. ಚೆನ್ನಾಗಿ ಬೀಳುವುದನ್ನು ಕಲಿಸಿದ್ದೇನೆ, ಗದ್ದ ಎದೆಗೆ ಒತ್ತಿಕೊಂಡು ಉರುಳುತ್ತದೆ.

ನಿಮ್ಮ ದಿಂಬು


ಸೆಪ್ಟೆಂಬರ್ ೧೪

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓದಲಾಗದಿದ್ದರೆ ಕಷ್ಟಪಟ್ಟು ಓದು.

ಮೊಣಕೈಗೆ ಎರಡು ಸಲ ಕೊಯ್ದರು. ಇನ್ನು ಪೂರ್ತಿ ನೆಟ್ಟಗಾಗುವುದಿಲ್ಲ, ಪೂರ್ತಿ ಮಡಚಲೂ ಆಗುವುದಿಲ್ಲ. ಸ್ಟಿಯರಿಂಗ್ ಮುಟ್ಟಬಾರದು ಅಂದಿದ್ದಾರೆ. ಡಿಪೋದವರು ವಿಚಾರಣೆ ಕಿಂಡಿಯಲ್ಲಿ ಕೂರಿಸಿದ್ದಾರೆ. ಎಷ್ಟು ಗಂಟೆಗೆ ಬಸ್ಸು ಅಂತ ಕೇಳುತ್ತಾರೆ, ಹೇಳುತ್ತೇನೆ. ತಂಡಕ್ಕೆ ಸೇರದವರಿಗೆ ವರ್ಗವಿಲ್ಲ. ಈ ಕಿಂಡಿಯಲ್ಲೇ ನನ್ನ ಕೂದಲು ನೆರೆಯುತ್ತದೆ.

ಏನಾಯಿತು ಅಂತ ನನಗೇ ನಾನು ಎಷ್ಟು ಸಲ ಹೇಳಿಕೊಂಡೆನೋ. ನೀನು ಬೆನ್ನು ಕೊಟ್ಟೆ. ನಾನು ಇಕ್ಕಳ ಹಾಕಿದೆ, ಎಡಕ್ಕೆ ಎಳೆದೆ, ಬಿಗಿದೆ. ನಿನ್ನ ತಟ್ಟುವಿಕೆಗೆ ಕಾದೆ. ನೀನು ಆರಾಮಾಗಿ ಉಸಿರಾಡುತ್ತಿದ್ದೆ. ಅದು ನನ್ನ ತೋಳಿಗೆ ತಿಳಿಯುತ್ತಿತ್ತು. ಗರಡಿಯಲ್ಲಿ ಯಾವಾಗಲೂ ನೀನು ಎಡಕ್ಕೆ ವಾಲಿ ನನ್ನ ತೋಳಿನೊಳಗೆ ಬಂದು ಕೂರುತ್ತಿದ್ದೆ. ಆ ದಿನ ಕಂಬದ ಹಾಗೆ ನೆಟ್ಟಗಿದ್ದೆ. ಆಮೇಲೆ ಬಲಗಡೆ ಇದ್ದ ಸಂದಿಯಲ್ಲಿ ಗದ್ದ ತೂರಿಸಿ, ತಿರುಗಿ, ಅದೇ ತೋಳನ್ನು ಹಿಡಿದು ನಿನ್ನ ಮೈಗೆ ಅಡ್ಡ ಹಾಕಿ ಮೊಣಕೈ ಮುರಿಯುವ ತನಕ ಚಾಚಿದೆ.

ನಾನು ಯಾಕೆ ತಟ್ಟಲಿಲ್ಲ ಅಂತ ಎಲ್ಲರೂ ಕೇಳಿದರು. ನಿನ್ನ ಭಾವ ಆಸ್ಪತ್ರೆಯಲ್ಲೇ ಕೂಗಾಡಿದರು, "ಒಂದ್ ಸಲ ಕೈ ತಟ್ಟಿದ್ರೆ ಏನ್ ಗಂಟ್ ಹೋಗ್ತಿತ್ತೆ?" ಅಂತ. ಅವರಿಗೆ ಹೇಗೆ ಹೇಳಲಿ? ನಿನಗೆ ಯಾವತ್ತೂ ತಟ್ಟಿದವಳಲ್ಲ ನಾನು. ಒಂಬತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ. ನನ್ನ ಕೈಗೆ ಅದು ಹೊಳೆಯಲೇ ಇಲ್ಲ. ನೀನು ಬಿಡುತ್ತೀಯ ಅಂದುಕೊಂಡೆ. ದಿಂಬು ತಾನೆ, ಬಿಡುತ್ತಾಳೆ ಅಂದುಕೊಂಡೆ.

ಹಿರಿಯ ಪೇದೆ ಆಸ್ಪತ್ರೆಗೆ ಬಂದಿದ್ದಳು. ಫೈನಲ್ ವಿಡಿಯೋ ತೋರಿಸಿದಳು, ಆಮೇಲೆ ನನ್ನ ಫೋನಿನಲ್ಲಿದ್ದ ಗರಡಿಯ ಹಳೇ ವಿಡಿಯೋಗಳನ್ನೂ ನೋಡಿದಳು. "ನೋಡಿ, ನೀವು ಹಿಡಿದಾಗಲೆಲ್ಲಾ ಇವಳು ಎಡಕ್ಕೆ ವಾಲ್ತಾಳೆ. ಎರಡು ವರ್ಷ ವಾಲೋಳ ಮೇಲೆ ಕಲಿತ್ರೆ ತೋಳು ಅದನ್ನೇ ತಾನೆ ಕಲಿಯೋದು? ನೆಟ್ಟಗೆ ನಿಂತೋಳ ಮೇಲೆ ಅದು ಕೂರಲ್ಲ" ಅಂದಳು. ಅವಳು ಹೋದ ಮೇಲೆ ನಿನ್ನ ಜುಲೈ ಕಾಗದ ತೆಗೆದು ಓದಿದೆ. ಇನ್ನೊಂಚೂರು ಎಡಕ್ಕೇ ಎಳೆಯಿರಿ.

ಇದು ನಿನ್ನ ತಲೆಯಲ್ಲ. ದಿಂಬಿನೊಳಗೆ ಹತ್ತಿ ಇರುತ್ತದೆ, ಯೋಚನೆ ಇರುವುದಿಲ್ಲ. ಇದು ಗುರುಗಳ ಕೆಲಸ. ನಾನು ಗರಡಿ ಬಿಟ್ಟು ಹೊರಟುಹೋಗುತ್ತೇನೆ ಅಂತ ಅವರಿಗೆ ಮೊದಲೇ ಅನ್ನಿಸಿತ್ತು, ನಿನಗೆ ವಾಲಲು ಹೇಳಿಕೊಟ್ಟರು, ಕಾಗದವನ್ನೂ ಅವರೇ ಬರೆಸಿದರು. ಹಾಗಂತ ಒಂದು ಸಾಲು ಬರೆ. ನಿನ್ನನ್ನು ಕ್ಷಮಿಸುತ್ತೇನೆ.


ಅಕ್ಟೋಬರ್ ೩

ಅಕ್ಕನಿಗೆ,

ನಿಮ್ಮ ಅಕ್ಷರ ಓದಲಿಕ್ಕೆ ಬಂತು.

ಗುರುಗಳಿಗೆ ಏನೂ ಗೊತ್ತಿಲ್ಲ. ಅವರು ನನಗೆ ಕಲಿಸಿದ್ದು ತೋಳು ಚಾಚುವ ಹಿಡಿತ ಒಂದೇ, ಅದನ್ನು ಗರಡಿಯಲ್ಲಿ ಎಲ್ಲರಿಗೂ ಕಲಿಸುತ್ತಾರೆ. ಫೈನಲ್ ಮುಗಿದ ಮೇಲೆ ಅವರು ನನ್ನ ಹತ್ತಿರ ಮಾತಾಡಿಲ್ಲ. ಸರ್ಟಿಫಿಕೇಟ್ ಕೊಡುವಾಗಲೂ ಬೇರೆ ಕಡೆ ನೋಡುತ್ತಿದ್ದರು.

ಎಲ್ಲವೂ ನನ್ನ ತಲೆಯೇ. ಕಾಗದವೂ ನನ್ನದು, ವಾಲಿದ್ದೂ ನನ್ನದು. ಬೇಕೆಂದೇ ವಾಲಿದೆ. ನೀವು ಹೆರಿಗೆ ಮುಗಿಸಿ ಬಂದ ಮೊದಲ ತಿಂಗಳು ನೆನಪಿದೆಯಾ? ಮೈ ಕೇಳುತ್ತಿಲ್ಲ ಅಂತ ನನ್ನ ಬೆನ್ನ ಮೇಲೆಯೇ ಮುಖ ಇಟ್ಟು ಅತ್ತಿರಿ. "ಇದೂ ಹೋದ್ರೆ ನನಗೆ ಇನ್ನೇನೂ ಇಲ್ಲ ಕಣೆ" ಅಂದಿರಿ. ಆವತ್ತಿನಿಂದಲೇ ಶುರು ಮಾಡಿದೆ. ಈ ತೋಳನ್ನು ಹಾಳು ಮಾಡಬೇಕು, ದಿನಾ ಒಂದು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಬೇಕು ಅಂತ ನಿರ್ಧರಿಸಿದೆ. ಎರಡು ವರ್ಷ ಹಿಡಿಯಿತು. ನೀವು ನನ್ನ ಮೇಲೆ ಕಲಿಯುತ್ತಿದ್ದೀರಿ ಅಂದುಕೊಂಡಿರಿ, ನಾನು ನಿಮಗೆ ಕಲಿಸುತ್ತಿದ್ದೆ.

ಯಾಕೆ ಬಿಡಲಿಲ್ಲ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ತಟ್ಟಲಿಲ್ಲ, ರೆಫರಿ ನಿಲ್ಲಿಸು ಅನ್ನಲಿಲ್ಲ. ಆಟದ ನಿಯಮ ಅಷ್ಟೇ.

ಮಗು ಚೆನ್ನಾಗಿದೆ. ನಿಮ್ಮನ್ನು ಕೇಳುವುದು ಕಮ್ಮಿಯಾಗಿದೆ.

ಇನ್ನು ಮೇಲೆ ನನಗೆ ದಿಂಬು ಅಂತ ಬರೆಯಬೇಡಿ.


ಅಕ್ಟೋಬರ್ ೫

ದಿಂಬಿಗೆ,

ಸುಳ್ಳುಬುರುಕಿ. ನಿನಗೆ ಸುಳ್ಳು ಹೇಳಲೂ ಬರುವುದಿಲ್ಲ.

ನೀನು ವಾಲಲು ಶುರು ಮಾಡಿದ್ದು ನಾನು ಅತ್ತ ದಿನವಲ್ಲ, ಅದರ ಮುಂದಿನ ವಾರ. ಆ ಮಧ್ಯಾಹ್ನ ಗರಡಿಯಲ್ಲಿ ನಾವಿಬ್ಬರೇ ಇದ್ದೆವು. ನನಗೆ ಸಿಟ್ಟು ಬಂದಿತ್ತು, ಇಕ್ಕಳವನ್ನು ಎಳೆದು ಕುತ್ತಿಗೆಯ ಬುಡಕ್ಕೆ ಒತ್ತಿದೆ. ಆಗ ಕಟಕ್ ಅಂತ ಸದ್ದು ಬಂತು. ನೀನು ತಟ್ಟಲಿಲ್ಲ, ಕೂಗಲಿಲ್ಲ. ಮೈ ಮಾತ್ರ ಒಂದು ಸಲ ತಣ್ಣಗಾಯಿತು. "ಏನೇ ಅದು?" ಅಂದೆ. "ಕಿಟಕಿ ಇರ್ಬೇಕಕ್ಕ" ಅಂದೆ ನೀನು. ಮಾರನೇ ದಿನ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ಮೆಟ್ಟಿಲ ಕತೆ ಹೇಳಿದೆ.

ಎಲುಬಿನ ಸದ್ದಿಗೂ ಕಿಟಕಿಯ ಸದ್ದಿಗೂ ವ್ಯತ್ಯಾಸ ಗೊತ್ತಾಗದವಳಾ ನಾನು? ಆವತ್ತೇ ಗೊತ್ತಾಗಿತ್ತು. ಡಾಕ್ಟರ ಹತ್ತಿರ ಹೋಗು ಅನ್ನಬಹುದಿತ್ತು. ಅಂದಿದ್ದರೆ ಎರಡು ತಿಂಗಳು ನನಗೆ ಜೋಡಿ ಇರುತ್ತಿರಲಿಲ್ಲ. ಹಾಗಾಗಿ ಮೆಟ್ಟಿಲನ್ನೇ ನಂಬಿದೆ, ಎಲ್ಲರ ಜತೆ ಸೇರಿ ನಕ್ಕೆ, ಮತ್ತೆ ನಿನ್ನ ಬೆನ್ನು ಹತ್ತಿದೆ. ನೀನು ಆ ಮುರಿದ ಜಾಗವನ್ನು ಉಳಿಸಿಕೊಳ್ಳಲು ಎಡಕ್ಕೆ ವಾಲಿದೆ. ನಾನು ಬೇಜಾರು ಮಾಡಿಕೊಳ್ಳುತ್ತೇನೆ, ಮತ್ತೆ ಕುಸ್ತಿ ಬಿಟ್ಟುಬಿಡುತ್ತೇನೆ ಅಂತ ಬಾಯಿ ಬಿಡಲಿಲ್ಲ. ನನ್ನ ಮೇಲೆ ಅಷ್ಟು ಪ್ರೀತಿ ಇತ್ತು ನಿನಗೆ. ಅದೂ ನನಗೆ ಗೊತ್ತಿತ್ತು. ಆ ಪ್ರೀತಿಯನ್ನೂ ಮ್ಯಾಟಿನ ಹಾಗೆ ಹಾಸಿಕೊಂಡು ಅದರ ಮೇಲೇ ಆಡಿದೆ.

ಈಗ ನಿನ್ನ ಗೆಲುವಿನ ಲೆಕ್ಕ ನೋಡು. ಎಲುಬು ಮುರಿದವಳು ನಾನು. ಆ ಎಲುಬಿಗೋಸ್ಕರ ನೀನು ವಾಲಿದೆ, ನೀನು ವಾಲಿದ್ದರಿಂದ ನನ್ನ ಹಿಡಿತ ಕೆಟ್ಟಿತು, ಹಿಡಿತ ಕೆಟ್ಟಿದ್ದರಿಂದ ನೀನು ಗೆದ್ದೆ. ನನ್ನನ್ನು ಸೋಲಿಸಿದವಳೂ ನಾನೇ. ನೀನು ಮಾಡಿದ್ದು ಒಂದು ಕಾಗದದ ಕುತಂತ್ರ, ಅಷ್ಟು ಬಿಟ್ಟರೆ ನೀನು ಅಲ್ಲಿ ಇದ್ದೆ ಅಷ್ಟೇ. ದಿಂಬು ಇರುವ ಹಾಗೆ. ಕರೆಯಬೇಡ ಅಂದರೆ ಬಿಡುತ್ತೇನಾ? ತಂಡಕ್ಕೆ ಸೇರು, ಪರದೇಶಕ್ಕೆ ಹೋಗು, ಕುತ್ತಿಗೆಗೆ ಪದಕ ಹಾಕಿಸಿಕೋ. ಆ ಪದಕ ಬಲಗಡೆಯ ಎಲುಬಿಗೆ ತಾಗಿದಾಗಲೆಲ್ಲ ಅದನ್ನು ಮಾಡಿಕೊಟ್ಟವರು ಯಾರು ಅಂತ ನೆನಪಾಗಲಿ.

ಮಗಳನ್ನು ಇನ್ನು ನಿನ್ನ ಹತ್ತಿರ ಕಳಿಸಬಾರದು ಅಂತ ಅತ್ತೆಗೆ ಹೇಳಿದ್ದೇನೆ.

ಅಕ್ಕ


ನವೆಂಬರ್ ೨೦

ಅಕ್ಕನಿಗೆ,

ಈಗ ತಂಡದ ಶಿಬಿರದಲ್ಲಿದ್ದೇನೆ. ಈ ಊರಿಗೆ ಮೀಸೆ ಮಾಮನ ಬಸ್ಸು ಬರುವುದಿಲ್ಲ, ಅಂಚೆಗೆ ಹಾಕುತ್ತಿದ್ದೇನೆ. ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಸದ್ದು ನಿಮಗೆ ಕೇಳಿಸಿರಲಿಲ್ಲ ಅಂತಲೇ ಎರಡು ವರ್ಷ ಸಮಾಧಾನವಾಗಿದ್ದೆ. ನೀವು ಅದನ್ನೂ ತೆಗೆದುಕೊಂಡಿರಿ.

ಹೊರಡುವ ಹಿಂದಿನ ದಿನ ಅತ್ತೆಯವರು ಮಗುವನ್ನು ಕರೆತಂದಿದ್ದರು. ನೀವು ಬೇಡ ಅಂದಿದ್ದು ಹೇಳಿದರು. "ಅವಳು ಅಲ್ಲಿ ಕೂತ್ಕೊಂಡು ಬೇಡ ಅಂತಾಳೆ, ಇಲ್ಲಿ ನನ್ನ ಸೊಂಟ ಬಂದು ನೋಡ್ಕೊಳ್ತಾಳಾ?" ಅಂದರು. ನಾನು ವಾಪಸ್ ಬಂದ ಮೇಲೆ ಮಗು ನನ್ನ ಹತ್ತಿರವೇ ಇರಲಿ ಅಂತ ಭಾವನೂ ಒಪ್ಪಿದ್ದಾರೆ. ನಿಮಗೆ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ.

ಇಲ್ಲಿ ಹಾಲ್ ದೊಡ್ಡದು, ಮ್ಯಾಟ್ ಹೊಸದು, ರಬ್ಬರ್ ವಾಸನೆ ಇನ್ನೂ ಹೋಗಿಲ್ಲ. ನನಗೆ ಅಭ್ಯಾಸಕ್ಕೆ ಅಂತ ಒಬ್ಬ ಹುಡುಗಿಯನ್ನು ಜೋಡಿ ಕೊಟ್ಟಿದ್ದಾರೆ. ಚಿಕ್ಕವಳು. ಮಾತು ಕಮ್ಮಿ. ಎಷ್ಟು ಒತ್ತಿದರೂ ತಡೆದುಕೊಳ್ಳುತ್ತಾಳೆ. ಅಭ್ಯಾಸ ಮುಗಿದ ಮೇಲೆ ನನ್ನ ಬೂಟನ್ನೂ ಒರೆಸಿಡುತ್ತಾಳೆ, ಬೇಡ ಅಂದರೂ ಕೇಳುವುದಿಲ್ಲ. ನನ್ನನ್ನು ಅಕ್ಕ ಅನ್ನುತ್ತಾಳೆ.

ತಂಡ ಹೊರಡಲು ಇನ್ನು ಹೆಚ್ಚು ದಿನವಿಲ್ಲ. ಈಗ ಜೋಡಿ ತಪ್ಪಿಹೋದರೆ ನನಗೆ ಬೇರೆಯವಳು ಸಿಗುವುದಿಲ್ಲ. ನಿನ್ನೆ ತೋಳು ಚಾಚುವ ಹಿಡಿತ ಹಾಕಿದ್ದೆ. ಸ್ವಲ್ಪ ಜೋರಾಯಿತೋ ಏನೋ, ಕಟಕ್ ಅಂತ ಸದ್ದು ಬಂತು. ಅವಳು ತಟ್ಟಲಿಲ್ಲ. ಏನದು ಅಂತ ಕೇಳಿದೆ.

"ಬಾಗಿಲು ಇರ್ಬೇಕಕ್ಕ" ಅಂದಳು.

ಇರಬಹುದು ಅಂದೆ. ನಾಳೆ ಬೆಳಿಗ್ಗೆ ಮತ್ತೆ ಅಭ್ಯಾಸವಿದೆ.